ಶಿಖರ ಬರಬೇಕಾದಲ್ಲಿ ಕಣಿವೆ: ವೇಗದ ಅಯಾನು–ಪರಮಾಣು ಘರ್ಷಣೆಯ ಲೆಕ್ಕ ಮಾಡಿದ ನನ್ನ ಅನುಭವ

ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಕೈಗೆತ್ತಿಕೊಂಡ ಮೊದಲ ಸಮಸ್ಯೆಯನ್ನು ಒಂದೇ ಮಾತಿನಲ್ಲಿ ಹೇಳಬಹುದು: 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನು ಹೀಲಿಯಂ ಪರಮಾಣುವಿನ ಪಕ್ಕದಲ್ಲಿ ಹಾದುಹೋದಾಗ ಕಳಚಿಬೀಳುವ ಎಲೆಕ್ಟ್ರಾನು ಯಾವ ದಿಕ್ಕಿಗೆ, ಎಷ್ಟು ಶಕ್ತಿಯೊಂದಿಗೆ ಹೊರಡುತ್ತದೆ? ಆ ಪ್ರೋಟಾನಿನ ವೇಗ, ಹೈಡ್ರೋಜನ್ ಪರಮಾಣುವಿನೊಳಗೆ ಎಲೆಕ್ಟ್ರಾನಿಗೆ ಇರುವ ವೇಗದ ಎರಡರಷ್ಟು. ಪರಮಾಣುವಿನ ಎಲೆಕ್ಟ್ರಾನಿಗಿಂತ ಅಯಾನು (ಚಾರ್ಜುಳ್ಳ ಕಣ, ಇಲ್ಲಿ ಪ್ರೋಟಾನು) ಬೇಗನೆ ಓಡಿದರೆ ಅದನ್ನು ನಾವು ವೇಗದ ಘರ್ಷಣೆ ಎನ್ನುತ್ತೇವೆ. ಪ್ರೋಟಾನು ಎಲೆಕ್ಟ್ರಾನಿಗಿಂತ 1836 ಪಟ್ಟು ಭಾರವಾದ್ದರಿಂದ ಅದು ನೇರ ಗೆರೆಯ ಮೇಲೆ ಒಂದೇ ವೇಗದಲ್ಲಿ ಸಾಗುತ್ತದೆ ಎಂದು ಇಟ್ಟುಕೊಂಡು, ಎಲೆಕ್ಟ್ರಾನನ್ನು ಮಾತ್ರ ಕ್ವಾಂಟಂ ರೀತಿಯಲ್ಲಿ ನೋಡಿದರೆ ಸಾಕಾಗುತ್ತದೆ.

ಮೊದಲ ಬಾರ್ನ್ ಅಂದಾಜಿನ ಲೆಕ್ಕವನ್ನು ಎರಡು ತಿಂಗಳಲ್ಲಿ ಮುಗಿಸಿದೆ. ಈ ಅಂದಾಜಿನಲ್ಲಿ ಅಯಾನು ಎಲೆಕ್ಟ್ರಾನನ್ನು ಒಮ್ಮೆ ಮಾತ್ರ ತಟ್ಟಿ ಹೋಗುತ್ತದೆ. ಆಮೇಲೆ ಎಲೆಕ್ಟ್ರಾನಿಗೆ ಹೀಲಿಯಂ ನ್ಯೂಕ್ಲಿಯಸ್ಸಿನ ಸೆಳೆತವಷ್ಟೇ ಉಳಿಯುತ್ತದೆ. ನೇರ ಮುಂದಕ್ಕೆ ಹೊರಟ ಎಲೆಕ್ಟ್ರಾನುಗಳ ಶಕ್ತಿಯ ನಕ್ಷೆಯಲ್ಲಿ ಸುಮಾರು 218 ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಅಗಲವಾದ ಉಬ್ಬು ಬಂತು. ಪ್ರೋಟಾನಿನ ಎರಡರಷ್ಟು ವೇಗದಲ್ಲಿ ಚಿಮ್ಮಿದ ಎಲೆಕ್ಟ್ರಾನುಗಳು ಅವು, ನೇರ ಮುಖಾಮುಖಿ ಡಿಕ್ಕಿಯ ಗುರುತು. ಆದರೆ ಪ್ರಯೋಗಗಳಲ್ಲಿ ಕಾಣುವ ಇನ್ನೊಂದು ಚೂಪಾದ ಶಿಖರ ನನ್ನ ನಕ್ಷೆಯಲ್ಲಿ ಇರಲೇ ಇಲ್ಲ. ಅದು 54.5 ಎಲೆಕ್ಟ್ರಾನ್‌ವೋಲ್ಟಿನಲ್ಲಿ, ಅಂದರೆ ಎಲೆಕ್ಟ್ರಾನು ಮತ್ತು ಪ್ರೋಟಾನು ಸರಿಸಮ ವೇಗದಲ್ಲಿ ಜೊತೆಜೊತೆಯಾಗಿ ಸಾಗುವ ಕಡೆ, ಬರಬೇಕಾದದ್ದು. 1970ರಲ್ಲಿ ಕ್ರುಕ್ಸ್ ಮತ್ತು ರಡ್ ಅದನ್ನು ಅಳೆದು ತೋರಿಸಿದ್ದರು. ಕ್ಷೇತ್ರದಲ್ಲಿ ಅದಕ್ಕೆ ಕಸ್ಪ್ (ಚೂಪು ಮೊನೆ) ಎಂದೇ ಹೆಸರು. ಹೊರಬಂದ ಎಲೆಕ್ಟ್ರಾನನ್ನು ಪ್ರೋಟಾನು ತನ್ನೊಡನೆ ಎಳೆದುಕೊಂಡು ಹೋಗುತ್ತದೆ, ಆದರೆ ಕಕ್ಷೆಯಲ್ಲಿ ಕಟ್ಟಿಹಾಕಿರುವುದಿಲ್ಲ. ಅಯಾನು ತಟ್ಟಿ ಹೋದ ಮೇಲೆ ಅದರ ಬಲವನ್ನು ಮರೆತುಬಿಡುವ ಬಾರ್ನ್ ಅಂದಾಜಿಗೆ ಈ ಶಿಖರ ಕಾಣುವ ಬಗೆಯೇ ಇಲ್ಲ.

ಆದ್ದರಿಂದ 1983ರಲ್ಲಿ ಕ್ರಾಥರ್ಸ್ ಮತ್ತು ಮಕ್ಯಾನ್ ರೂಪಿಸಿದ ಸಿ.ಡಿ.ಡಬ್ಲ್ಯು.–ಇ.ಐ.ಎಸ್. (ಕಂಟಿನ್ಯುಅಮ್ ಡಿಸ್ಟಾರ್ಟೆಡ್ ವೇವ್–ಐಕೊನಲ್ ಇನಿಶಿಯಲ್ ಸ್ಟೇಟ್) ವಿಧಾನಕ್ಕೆ ಹೊರಳಿದೆ. ಕೂಲಂಬ್ ಬಲ, ಅಂದರೆ ಚಾರ್ಜುಗಳ ನಡುವಿನ ವಿದ್ಯುತ್ ಬಲ, ದೂರ ಹೋದಂತೆ ಕ್ಷೀಣಿಸುತ್ತದೆಯೇ ಹೊರತು ಎಲ್ಲಿಯೂ ಪೂರ್ತಿಯಾಗಿ ಅಳಿಯುವುದಿಲ್ಲ. ಆದಕಾರಣ ಘರ್ಷಣೆಗೆ ಬಹಳ ಮುಂಚೆಯೂ ಬಹಳ ನಂತರವೂ ವೇವ್ ಫಂಕ್ಷನ್ನಿನಲ್ಲಿ (ಎಲೆಕ್ಟ್ರಾನಿನ ಸ್ಥಿತಿಯನ್ನು ಹೇಳುವ ಅಲೆಯಲ್ಲಿ) ಅಯಾನಿನ ಬಲದ ಪ್ರಾವಸ್ಥೆ (ಫೇಸ್, ಅಲೆ ಏರಿಳಿತದ ಯಾವ ಹಂತದಲ್ಲಿದೆ ಎಂಬ ಅಳತೆ) ಇರಲೇಬೇಕು ಎಂಬುದು ಈ ವಿಧಾನದ ತಿರುಳು. ಆರಂಭದ ಸ್ಥಿತಿಗೆ ಒಂದು ಲಾಗರಿದಮ್ ಪ್ರಾವಸ್ಥೆಯನ್ನು ಗುಣಿಸಬೇಕು. ಕೊನೆಯ ಸ್ಥಿತಿಯಲ್ಲಿ ಹೀಲಿಯಂ ಅಯಾನಿಗೊಂದು, ಪ್ರೋಟಾನಿಗೊಂದು, ಹೀಗೆ ಎರಡು ಕೂಲಂಬ್ ಅಲೆಗಳ (ಕೂಲಂಬ್ ಬಲದಲ್ಲಿ ಚಲಿಸುವ ಎಲೆಕ್ಟ್ರಾನಿನ ಅಲೆಗಳ) ಗುಣಲಬ್ಧ ಬರಬೇಕು. ಹೀಲಿಯಂ ಕಡೆಯ ಅಲೆಗೆ 24.6 ಎಲೆಕ್ಟ್ರಾನ್‌ವೋಲ್ಟ್ ಬಂಧನ ಶಕ್ತಿಯಿಂದ ತೆಗೆದ 1.34 ಎಂಬ ಪರಿಣಾಮಕಾರಿ ಚಾರ್ಜನ್ನು ಬಳಸಿದೆ.

ಕೋಡ್ ಓಡಿತು. 54.5ರಲ್ಲಿ ಶಿಖರದ ಬದಲು ಕಣಿವೆ ಬಂತು. ಬಿಂದುಗಳ ಅಂತರ ಹೆಚ್ಚಾಯಿತೇನೋ ಎಂದು ಗ್ರಿಡ್ಡನ್ನು ಒತ್ತಾಗಿಸಿದೆ. ಕಣಿವೆ ಇನ್ನಷ್ಟು ಆಳವಾಯಿತು. ಹೈಪರ್‌ಜಿಯೊಮೆಟ್ರಿಕ್ ಫಂಕ್ಷನ್ (ಕೂಲಂಬ್ ಅಲೆಯ ಸೂತ್ರದಲ್ಲಿ ಬರುವ ಗಣಿತದ ಫಲನ) ಲೆಕ್ಕ ಹಾಕುವ ಭಾಗವನ್ನು ಸಂಶಯಿಸಿ ಅದನ್ನೇ ಮೊದಲಿನಿಂದ ಬರೆದೆ. ಹೀಗೆ ಮೂರು ವಾರ ಕಳೆದವು. ಕೊನೆಗೆ ನನ್ನ ಮಾರ್ಗದರ್ಶಕರು ನಕ್ಷೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ, “ಅಯಾನಿನ ಚಾರ್ಜಿಗೆ ಮೈನಸ್ ಒಂದು ಹಾಕಿ ಓಡಿಸಿ ನೋಡಪ್ಪ” ಎಂದರು. ಹಾಕಿದೆ. ಶಿಖರ ಎದ್ದು ನಿಂತಿತು.

ಅಂದರೆ ಪ್ರೋಟಾನಿನ ಕಡೆಯ ಕೂಲಂಬ್ ಅಲೆಯಲ್ಲಿ ನಾನು ಆಂಟಿಪ್ರೋಟಾನನ್ನು (ಋಣ ಚಾರ್ಜಿನ ಪ್ರತಿಕಣವನ್ನು) ಕೂರಿಸಿದ್ದೆ. ಎರಡು ಬೇರೆ ಪ್ರಬಂಧಗಳಿಂದ ಸೂತ್ರಗಳನ್ನು ತೆಗೆದುಕೊಂಡಿದ್ದೆ. ಒಂದರಲ್ಲಿ ಕೂಲಂಬ್ ನಿಯತಾಂಕ (ಬಲದ ಪ್ರಮಾಣವನ್ನೂ ಚಿಹ್ನೆಯನ್ನೂ ಹೇಳುವ ಸಂಖ್ಯೆ) ಆಕರ್ಷಣೆಗೆ ಧನ, ಇನ್ನೊಂದರಲ್ಲಿ ಋಣ. ಈ ಚಿಹ್ನೆಯ ಬೆಲೆ ಎಷ್ಟೆಂಬುದು ಅಂಕೆಗಳಲ್ಲಿ ನೋಡಿದಾಗ ಮನದಟ್ಟಾಗುತ್ತದೆ. ಎಲೆಕ್ಟ್ರಾನಿನ ವೇಗಕ್ಕೂ ಪ್ರೋಟಾನಿನ ವೇಗಕ್ಕೂ ಪರಮಾಣು ಮಾನದಲ್ಲಿ (ಹೈಡ್ರೋಜನ್ನಿನ ಎಲೆಕ್ಟ್ರಾನಿನ ವೇಗವನ್ನು ಒಂದು ಎಂದುಕೊಂಡ ಅಳತೆಯಲ್ಲಿ) 0.1 ವ್ಯತ್ಯಾಸವಿದ್ದರೆ ಆಕರ್ಷಣೆಯ ಅಲೆ ಸಂಭವವನ್ನು ಸುಮಾರು 63 ಪಟ್ಟು ಹಿಗ್ಗಿಸುತ್ತದೆ, ವ್ಯತ್ಯಾಸ 0.01ಕ್ಕೆ ಇಳಿದರೆ 628 ಪಟ್ಟು. ಚಿಹ್ನೆ ತಪ್ಪಿದರೆ ಅದೇ ಗುಣಕ ಶೂನ್ಯದತ್ತ ಕುಸಿಯುತ್ತದೆ. ಇನ್ನೂ ಹೆಚ್ಚಿನ ಶಕ್ತಿಯಲ್ಲಿ ಒಟ್ಟು ಅಯಾನೀಕರಣದ (ಎಲೆಕ್ಟ್ರಾನು ಕಳಚಿಬೀಳುವುದರ) ಕ್ರಾಸ್ ಸೆಕ್ಷನ್ನನ್ನು, ಅಂದರೆ ಅದು ನಡೆಯುವ ಸಾಧ್ಯತೆಯ ಅಳತೆಯನ್ನು, ಮಾತ್ರ ನೋಡಿದ್ದರೆ ಈ ತಪ್ಪು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲವೇನೋ, ಏಕೆಂದರೆ ಅಲ್ಲಿ ಫಲಿತಾಂಶ ಚಾರ್ಜಿನ ವರ್ಗವನ್ನಷ್ಟೇ ಅವಲಂಬಿಸುತ್ತದೆ, ಪ್ರೋಟಾನಿಗೂ ಆಂಟಿಪ್ರೋಟಾನಿಗೂ ಬಹುತೇಕ ಒಂದೇ ಅಂಕೆ ಬರುತ್ತದೆ. ಅಂದಿನಿಂದ ಹೊಸ ಕೋಡನ್ನು ಎರಡೂ ಚಿಹ್ನೆಗಳಲ್ಲಿ ಓಡಿಸಿ, ಒಂದರಲ್ಲಿ ಶಿಖರವನ್ನೂ ಇನ್ನೊಂದರಲ್ಲಿ ಕಣಿವೆಯನ್ನೂ ಕಂಡ ಮೇಲೆಯೇ ಮುಂದುವರಿಯುತ್ತೇನೆ.

ಎಲೆಕ್ಟ್ರಾನನ್ನು ಅಯಾನು ಕಕ್ಷೆಯಲ್ಲೇ ಕಟ್ಟಿಹಾಕಿ ಒಯ್ಯುವ, ಅಂದರೆ ಸೆರೆಹಿಡಿಯುವ, ಲೆಕ್ಕ ನನಗೆ ಇದಕ್ಕಿಂತಲೂ ಸೊಗಸಾಗಿ ಕಂಡಿತು. ನಿಂತಿದ್ದ ಎಲೆಕ್ಟ್ರಾನು ಓಡುವ ಪ್ರೋಟಾನಿನ ವೇಗವನ್ನು ಒಮ್ಮೆಲೇ ಪಡೆಯಬೇಕು. ಹೈಡ್ರೋಜನ್ ಗುರಿಯಾದರೆ ಅದಕ್ಕೆ ಆ ವೇಗದ ಅರ್ಧದಷ್ಟಾದರೂ ಸಂವೇಗ ಪರಮಾಣುವಿನೊಳಗೇ ಇರಬೇಕಾಗುತ್ತದೆ. 1000 ಕಿಲೋ ಎಲೆಕ್ಟ್ರಾನ್‌ವೋಲ್ಟಿನಲ್ಲಿ ಅಂಥ ಸಂವೇಗದ ಸಾಂದ್ರತೆ, ಸೊನ್ನೆ ಸಂವೇಗದಲ್ಲಿರುವುದರ 14,641ನೇ ಒಂದು ಭಾಗ ಮಾತ್ರ. ಆಪನ್‌ಹೈಮರ್, ಬ್ರಿಂಕ್ಮನ್ ಮತ್ತು ಕ್ರಾಮರ್ಸ್ ಅವರ ಸೂತ್ರವನ್ನು ಕೈಯಲ್ಲೇ ಬಿಡಿಸಿದಾಗ, ಪ್ರೋಟಾನಿನ ಶಕ್ತಿ 100ರಿಂದ 1000 ಕಿಲೋ ಎಲೆಕ್ಟ್ರಾನ್‌ವೋಲ್ಟಿಗೆ ಏರಿದರೆ ಸೆರೆಯ ಕ್ರಾಸ್ ಸೆಕ್ಷನ್ ಐವತ್ತು ಸಾವಿರ ಪಟ್ಟು ಇಳಿಯುವುದು ಕಂಡಿತು. ಅದೇ ಹಾದಿಯಲ್ಲಿ ಅಯಾನೀಕರಣ ಹತ್ತು ಪಟ್ಟೂ ಇಳಿಯುವುದಿಲ್ಲ. ಆ ಸೂತ್ರ ಕೊಡುವ ಬೆಲೆ ಅಳತೆಗಿಂತ ಹಲವು ಪಟ್ಟು ಹೆಚ್ಚು ಎಂಬುದೂ ನಿಜ. ಅಲ್ಲಿಯೂ ಕಾರಣ ದೂರದ ಕೂಲಂಬ್ ಪ್ರಾವಸ್ಥೆಯನ್ನು ಬಿಟ್ಟದ್ದೇ.

ಈ ಸೆರೆಗೆ ಬೇರೊಂದು ದಾರಿಯನ್ನು ಭೌತವಿಜ್ಞಾನಿ ಥಾಮಸ್ 1927ರಲ್ಲೇ ಕ್ವಾಂಟಂಗೆ ಮುಂಚಿನ ಹಳೆಯ ಯಂತ್ರಶಾಸ್ತ್ರದಿಂದ ತೋರಿಸಿದ್ದರು. ಪ್ರೋಟಾನು ಎಲೆಕ್ಟ್ರಾನನ್ನು 60 ಡಿಗ್ರಿ ಓರೆಗೆ ತಳ್ಳುತ್ತದೆ, ಎಲೆಕ್ಟ್ರಾನು ತನ್ನದೇ ನ್ಯೂಕ್ಲಿಯಸ್ಸಿಗೆ ಬಡಿದು ಮತ್ತೆ 60 ಡಿಗ್ರಿ ತಿರುಗಿ ಪ್ರೋಟಾನಿಗೆ ಸಮಾಂತರವಾಗುತ್ತದೆ. ಎರಡು ಡಿಕ್ಕಿ ಬೇಕಾದ್ದರಿಂದ ಬಾರ್ನ್ ಸರಣಿಯ ಮೊದಲ ಪದದಲ್ಲಿ (ಒಂದೇ ತಟ್ಟಿನ ಲೆಕ್ಕದಲ್ಲಿ) ಇದು ಇಲ್ಲ, ಎರಡನೆಯದರಲ್ಲಿ ಇದೆ. ಮೊದಲನೆಯದು ವೇಗದ ಹನ್ನೆರಡನೇ ಘಾತದಂತೆ ಕುಸಿದರೆ ಇದು ಹನ್ನೊಂದನೆಯದರಂತೆ ಕುಸಿಯುವುದರಿಂದ ತೀರ ಹೆಚ್ಚಿನ ವೇಗದಲ್ಲಿ ಕೊನೆಗೆ ಗೆಲ್ಲುವುದೂ ಇದೇ. ಆ ತಳ್ಳಾಟದಲ್ಲಿ ಪ್ರೋಟಾನು ಬಾಗುವುದು 0.47 ಮಿಲಿರೇಡಿಯನ್, ಅಂದರೆ ಹತ್ತು ಮೀಟರ್ ಆಚೆ ಇಟ್ಟ ಪರದೆಯ ಮೇಲೆ 4.7 ಮಿಲಿಮೀಟರ್. 1983ರಲ್ಲಿ ಹೀಲಿಯಂ ಮೇಲೆ ಕೆಲವು ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಪ್ರೋಟಾನುಗಳನ್ನು ಹಾಯಿಸಿ ಆ ಕೋನದಲ್ಲೇ ಉಬ್ಬನ್ನು ಅಳೆದರು. ನನ್ನ ಲೆಕ್ಕದಲ್ಲಿ ಎರಡನೇ ಪದವನ್ನು ಸೇರಿಸಿದ ರಾತ್ರಿ, ಕೋನದ ಅಕ್ಷದ ಮೇಲೆ ನುಣುಪಾಗಿ ಇಳಿಯುತ್ತಿದ್ದ ಗೆರೆ 0.47ರ ಹತ್ತಿರ ತಲೆಯೆತ್ತಿತು. ಆ ಪದವನ್ನು ತೆಗೆದೆ, ಗೆರೆ ಮತ್ತೆ ನುಣುಪಾಯಿತು. ಇನ್ನೊಮ್ಮೆ ಸೇರಿಸಿ, ನಕ್ಷೆಯನ್ನು ಮುದ್ರಿಸಿಕೊಂಡು ಮನೆಗೆ ಹೋದೆ.