ಊರ ಹೆಸರುಗಳಲ್ಲಿ ಡೇನರ ನೆಲೆಯನ್ನು ಗುರುತಿಸುವ ಬಗೆ

ನಾಯಕನಹಟ್ಟಿ, ಹಿರಿಯೂರು, ಹೊಳಲ್ಕೆರೆ ಎಂಬ ಹೆಸರುಗಳನ್ನು ಹಟ್ಟಿ, ಊರು, ಕೆರೆ ಎಂದು ತಾನಾಗಿಯೇ ಬಿಡಿಸಿಕೊಳ್ಳುವ ಚಿತ್ರದುರ್ಗದ ಇತಿಹಾಸ ವಿದ್ಯಾರ್ಥಿಗೆ ಇಂಗ್ಲೆಂಡಿನ ನಕ್ಷೆಯನ್ನು ಓದುವುದೂ ಕಷ್ಟವಾಗಬಾರದು. ಡೇನರು, ಅಂದರೆ ಡೆನ್ಮಾರ್ಕಿನ ಕಡೆಯಿಂದ ಹಡಗುಗಳಲ್ಲಿ ಬಂದ ವೈಕಿಂಗ್ ದಾಳಿಕೋರರು, ಅಲ್ಲಿ ಎಲ್ಲೆಲ್ಲಿ ನೆಲೆಸಿದರೆಂದು ಗುರುತಿಸಲು ವಿವರವಾದ ನಕ್ಷೆಯೊಂದು ಮತ್ತು ಪೆನ್ಸಿಲ್ ಇದ್ದರೆ ಸಾಕು.

ಮೊದಲು ಗಡಿಯನ್ನು ಗುರುತಿಸಿಕೊಳ್ಳಿ. 865ರಲ್ಲಿ ಬಂದಿಳಿದ ವೈಕಿಂಗರ ಮಹಾಸೇನೆ ಮರುವರ್ಷವೇ ಯಾರ್ಕನ್ನು ಹಿಡಿಯಿತು. 878ರಲ್ಲಿ ಎಡಿಂಗ್ಟನ್ ಕದನದಲ್ಲಿ ಸೋತ ಡೇನರ ನಾಯಕ ಗುಥ್ರಮ್, ದಕ್ಷಿಣದ ವೆಸೆಕ್ಸ್ ರಾಜ್ಯದ ದೊರೆ ಆಲ್ಫ್ರೆಡನೊಡನೆ ಮುಂದೆ ಮಾಡಿಕೊಂಡ ಒಪ್ಪಂದದಂತೆ ಗಡಿಯು ಥೇಮ್ಸ್ ನದಿಯಿಂದ ಲೀ ನದಿಗುಂಟ ಅದರ ಮೂಲಕ್ಕೂ, ಅಲ್ಲಿಂದ ನೇರವಾಗಿ ಬೆಡ್‌ಫರ್ಡಿಗೂ, ಬಳಿಕ ಊಸ್ ನದಿಗುಂಟ ರೋಮನ್ನರ ವ್ಯಾಟ್ಲಿಂಗ್ ರಸ್ತೆಗೂ ಸಾಗುತ್ತದೆ. ಗೆರೆ ತೆಳುವಾಗಿರಲಿ, ಅದು ಬಹುಕಾಲ ನಿಲ್ಲಲಿಲ್ಲ.

ಈಗ ಗೆರೆಯ ಉತ್ತರಕ್ಕೂ ಪೂರ್ವಕ್ಕೂ, ವಿಶೇಷವಾಗಿ ಲಿಂಕನ್‌ಶೈರ್ ಮತ್ತು ಯಾರ್ಕ್‌ಶೈರ್‌ಗಳಲ್ಲಿ, ಹೆಸರುಗಳ ಬಾಲವನ್ನು ನೋಡಿ. ಗ್ರಿಮ್ಸ್‌ಬಿಯ ‘ಬಿ’ ಎಂದರೆ ಡೇನರ ನುಡಿಯಲ್ಲಿ ಊರು ಅಥವಾ ಒಕ್ಕಲುಮನೆ. ಸ್ಕಂಥಾರ್ಪ್‌ನ ‘ಥಾರ್ಪ್’ ನಮ್ಮ ಮಜರೆ ಗ್ರಾಮದಂಥದು. ‘ಟನ್’, ‘ಹ್ಯಾಮ್’ ಡೇನರಿಗಿಂತ ಮೊದಲೇ ಅಲ್ಲಿದ್ದ ಆಂಗ್ಲೋ-ಸ್ಯಾಕ್ಸನ್ನರವು. ಗ್ರಿಮ್‌ಸ್ಟನ್ ಎಂಬಲ್ಲಿ ಡೇನರ ವ್ಯಕ್ತಿನಾಮಕ್ಕೆ ‘ಟನ್’ ಸೇರಿರುವುದರಿಂದ, ಹಳೆಯ ಊರಿಗೆ ಹೊಸ ಯಜಮಾನ ಬಂದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಡರ್ಬಿಗಂತೂ ಡೇನರು ಬರುವ ಮೊದಲು ನಾರ್ತ್‌ವರ್ದಿ ಎಂಬ ಹೆಸರೇ ಇತ್ತು.

ಆಳ್ವಿಕೆಯನ್ನೂ ಒಕ್ಕಲನ್ನೂ ಒಂದೆಂದು ತಿಳಿಯಬಾರದು. 1016ರಿಂದ 1035ರವರೆಗೆ ಡೇನರ ದೊರೆ ಕ್ನೂಟ್ ಇಡೀ ಇಂಗ್ಲೆಂಡನ್ನು ಆಳಿದನಾದರೂ ವೆಸೆಕ್ಸಿನ ಹಳ್ಳಿಗಳಿಗೆ ‘ಬಿ’ ಅಂಟಿಕೊಳ್ಳಲಿಲ್ಲ. 876ರಲ್ಲಿ ಮಹಾಸೇನೆಯ ನಾಯಕ ಹಾಫ್‌ಡನ್ ಉತ್ತರದ ನಾರ್ತಂಬ್ರಿಯ ರಾಜ್ಯದ ನೆಲವನ್ನು ಹಂಚಿ, ಅವನ ಜನರು ಉಳುಮೆಗಿಳಿದಂಥ ಕಡೆಗಳಲ್ಲಿ ಅದು ದಟ್ಟವಾಗಿದೆ. ನನ್ನ ಮಟ್ಟಿಗೆ ಕಿರೀಟಕ್ಕಿಂತ ನೇಗಿಲಿನ ಸಾಕ್ಷ್ಯವೇ ಹೆಚ್ಚು.

ಹೆಸರಿನ ಸದ್ದನ್ನು ಮಾತ್ರ ನಂಬಬೇಡಿ. ಜಗಳೂರಿನವರನ್ನು ಜಗಳಗಂಟರೆನ್ನಲಾದೀತೆ? ರಗ್ಬಿಯ ಹೆಸರು 1086ರ ಡೂಮ್ಸ್‌ಡೇ ಎಂಬ ಭೂದಾಖಲೆಯಲ್ಲಿ ‘ಬೆರಿ’ ಎಂದು ಮುಗಿಯುತ್ತದೆ. ಅದರ ಮೂಲ ಕೋಟೆ ಎಂಬರ್ಥದ ಆಂಗ್ಲೋ-ಸ್ಯಾಕ್ಸನ್ ಪದ. ಆದುದರಿಂದ ಪ್ರತಿ ಹೆಸರಿನ ಹಳೆಯ ರೂಪವನ್ನು ನೋಡಿದ ಮೇಲೆಯೇ ಗುರುತು ಹಾಕಿ. ದುರ್ಗದ ಕೋಟೆಯ ಬಾಗಿಲುಗಳನ್ನು ದಾಟಿ ಬೆಳೆದವರು ಯಾರ್ಕಿನಲ್ಲಿ ಇನ್ನೂ ಎಚ್ಚರವಾಗಿರಬೇಕು: ಅಲ್ಲಿನ ಕಾಪರ್‌ಗೇಟ್ ಮೊದಲಾದ ಹೆಸರುಗಳಲ್ಲಿ ‘ಗೇಟ್’ ಎಂದರೆ ಡೇನರ ನುಡಿಯ ಬೀದಿ, ಕೋಟೆಯ ಬಾಗಿಲನ್ನು ಅಲ್ಲಿ ‘ಬಾರ್’ ಎನ್ನುತ್ತಾರೆ.