ಮೊದಲು ಉಸಿರು ಬಿಡುವುದನ್ನು ಕಲಿಯಿರಿ: ಮನಸ್ಸಿನ ಒತ್ತಡಕ್ಕೆ ಪ್ರಾಣಾಯಾಮದ ಅಭ್ಯಾಸಕ್ರಮ

ತಲೆಯ ಮೇಲಿನ ಹೊರೆಯನ್ನು ಇಳಿಸಿದವರು, ಬಿಸಿಲಿನಲ್ಲಿ ನಡೆದು ಬಂದು ಜಗಲಿಯ ಮೇಲೆ ಕುಳಿತವರು, ಬಹುದಿನಗಳಿಂದ ಕಾಡುತ್ತಿದ್ದ ಚಿಂತೆಯೊಂದು ಕಳೆಯಿತೆಂದು ತಿಳಿದವರು, ಯಾರೂ ಹೇಳಿಕೊಡದೆಯೇ ‘ಉಸ್ಸಪ್ಪಾ’ ಎಂದು ಉದ್ದನೆಯ ಉಸಿರೊಂದನ್ನು ಹೊರಗೆ ಬಿಡುತ್ತಾರೆ. ನಿಡಿದಾದ ಆ ಉಸಿರನ್ನೇ ನಾವು ನಿಟ್ಟುಸಿರು ಎನ್ನುತ್ತೇವೆ. ಹಳಗನ್ನಡದಲ್ಲಿ ಅದು ನಿಡುಸುಯ್. ಹಾಗೆ ಹಗುರಾಗುವ ಗಳಿಗೆಯಲ್ಲಿ ದೇಹವು ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಒತ್ತಡದಿಂದ ಬಿಡುಗಡೆ ಬೇಕೆಂದು ಪ್ರಾಣಾಯಾಮಕ್ಕೆ ಬರುವವರು ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದ ಕಲಿಕೆ ಸುಲಭವಾಗುತ್ತದೆ. ಬೆಳಗಿನ ತರಗತಿಗಳಲ್ಲಿ ನಾನು ಕಂಡಂತೆ, ಹೊಸಬರಲ್ಲಿ ಹೆಚ್ಚಿನವರು ‘ದೀರ್ಘವಾಗಿ ಉಸಿರಾಡಿ’ ಎಂದೊಡನೆ ಎದೆಯುಬ್ಬಿಸಿ, ಭುಜವೆತ್ತಿ, ಗಾಳಿಯನ್ನು ಒಳಗೆ ತುಂಬಿಕೊಳ್ಳಲು ಹೊರಡುತ್ತಾರೆ. ಅಲ್ಲಿಂದಲೇ ದಾರಿ ತಪ್ಪುತ್ತದೆ.

ಯೋಗಶಾಸ್ತ್ರದಲ್ಲಿ ಉಸಿರನ್ನು ಒಳಗೆಳೆಯುವುದು ಪೂರಕ, ಹೊರಬಿಡುವುದು ರೇಚಕ, ತಡೆದು ನಿಲ್ಲಿಸುವುದು ಕುಂಭಕ. ಪತಂಜಲಿಯ ಯೋಗಸೂತ್ರದ ಮೊದಲನೆಯ ಪಾದದಲ್ಲಿ ಚಿತ್ತದ ಪ್ರಸನ್ನತೆಗೆ ದಾರಿಗಳನ್ನು ಹೇಳುವಾಗ ಪ್ರಾಣವನ್ನು ಹೊರಬಿಡುವ ಮಾತು ಮೊದಲು ಬರುತ್ತದೆ, ತಡೆಯುವ ಮಾತು ಆಮೇಲೆ. ಇದರ ಹಿಂದಿರುವ ದೇಹದ ಕೆಲಸವನ್ನು ನಿಮ್ಮ ಬೆರಳಿನಿಂದಲೇ ಪರೀಕ್ಷಿಸಬಹುದು. ಮಣಿಕಟ್ಟಿನ ನಾಡಿಯನ್ನು ಹಿಡಿದುಕೊಂಡು ನಿಧಾನವಾಗಿ ಉಸಿರಾಡಿದರೆ, ಅನೇಕರಿಗೆ ಉಸಿರೆಳೆಯುವಾಗ ಮಿಡಿತ ತುಸು ಚುರುಕಾಗುವುದೂ ಬಿಡುವಾಗ ನಿಧಾನವಾಗುವುದೂ ತಿಳಿಯುತ್ತದೆ. ಮಿದುಳಿನಿಂದ ಹೃದಯಕ್ಕೂ ಹೊಟ್ಟೆಯ ಅಂಗಗಳಿಗೂ ಇಳಿಯುವ ವೇಗಸ್ ಎಂಬ ನರವು ಹೃದಯದ ಓಟಕ್ಕೆ ಲಗಾಮು ಹಾಕುತ್ತದೆ. ಆ ಲಗಾಮು ಬಿಗಿಯಾಗುವುದು ಉಸಿರು ಹೊರಹೋಗುವಾಗ. ಹೃದಯದ ಬಡಿತವನ್ನು ನೇರವಾಗಿ ಇಳಿಸಲು ನಮ್ಮಿಂದಾಗದು, ಉಸಿರನ್ನು ನಿಧಾನಿಸಲು ಆಗುತ್ತದೆ. ನಮ್ಮ ಕೈಗೆ ಸಿಗುವ ತುದಿ ಅದೊಂದೇ ಆದ್ದರಿಂದ ಅದನ್ನೇ ಹಿಡಿಯಬೇಕು.

ಮೊದಲ ವಾರ ಮೂಗನ್ನು ಬೆರಳಿನಿಂದ ಮುಟ್ಟುವ ಅಗತ್ಯವೇ ಇಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿಗಳನ್ನು ಮಡಚಿ, ಪಾದಗಳನ್ನು ನೆಲಕ್ಕೂರಿ. ಒಂದು ಹಳೆಯ ಪಂಚೆಯ ತುಂಡಿನಲ್ಲಿ ಅರ್ಧ ಕಿಲೋ ಅಕ್ಕಿಯನ್ನು ಸಡಿಲವಾಗಿ ಗಂಟು ಕಟ್ಟಿ ಹೊಕ್ಕಳಿನ ಮೇಲೆ ಇಟ್ಟುಕೊಳ್ಳಿ. ಉಸಿರು ಒಳಗೆ ಬಂದಾಗ ಗಂಟು ಮೇಲೇಳಬೇಕು, ಹೊರಹೋದಾಗ ಇಳಿಯಬೇಕು. ಎದೆಗೂ ಹೊಟ್ಟೆಗೂ ನಡುವಿನ ವಪೆ ಕೆಳಗಿಳಿದು ಹೊಟ್ಟೆಯನ್ನು ಹೊರಕ್ಕೆ ಒತ್ತುವುದರಿಂದ ಹೀಗಾಗುತ್ತದೆ. ಬಹುಕಾಲ ಆತಂಕದಲ್ಲಿ ಬದುಕಿದವರಿಗೆ ಮೊದಲ ದಿನ ಇದು ತಲೆಕೆಳಗಾಗಿ ನಡೆಯುವುದುಂಟು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬರಿಗೆ ಮೂರು ದಿನ ಗಂಟು ಕದಲಲೇ ಇಲ್ಲ, ಉಸಿರೆಲ್ಲ ಕತ್ತಿನ ಬುಡದಲ್ಲೇ ಓಡಾಡುತ್ತಿತ್ತು. ಹೊಟ್ಟೆಯನ್ನು ಉಬ್ಬಿಸುವ ಪ್ರಯತ್ನವನ್ನೇ ಕೈಬಿಟ್ಟು, ಉಸಿರನ್ನು ಕೊನೆಯವರೆಗೆ ಬಿಡುವುದರ ಮೇಲೆ ಮಾತ್ರ ಗಮನವಿಡಿ ಎಂದೆ. ಪೂರ್ತಿ ಖಾಲಿಯಾದ ಉಸಿರು ತಾನಾಗಿ ಮರಳಿ ಬಂದಾಗ ಗಂಟು ಒಂದು ಬೆರಳಿನಷ್ಟು ಮೇಲೆದ್ದಿತು. ಅವರ ಹುಬ್ಬಿನ ಗಂಟೂ ಆಗಲೇ ಬಿಚ್ಚಿಕೊಂಡಿತು. ದಿನಕ್ಕೆ ಐದು ನಿಮಿಷದಂತೆ ಒಂದು ವಾರ ಹೀಗೆ ಮಾಡಿದರೆ ಮುಂದಿನ ಹಂತಕ್ಕೆ ದೇಹ ಸಿದ್ಧವಾಗುತ್ತದೆ.

ಇನ್ನು ಲೆಕ್ಕ. ಛಂದಸ್ಸಿನಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಎಂದು ನಾವು ಎಣಿಸುವ ‘ಮಾತ್ರೆ’ಯೇ ಪ್ರಾಣಾಯಾಮದ ಕಾಲಮಾನಕ್ಕೂ ಹೆಸರು. ಆತುರವೂ ಅಲ್ಲದೆ, ಎಳೆದಾಟವೂ ಅಲ್ಲದೆ, ಮಂಡಿಯ ಸುತ್ತ ಕೈಯಾಡಿಸಿ ಒಂದು ಚಿಟಿಕೆ ಹೊಡೆಯುವಷ್ಟು ಹೊತ್ತು ಒಂದು ಮಾತ್ರೆ ಎಂದು ಯೋಗಗ್ರಂಥಗಳು ಹೇಳುತ್ತವೆ. ನಮ್ಮ ಉಪಯೋಗಕ್ಕೆ ಗೋಡೆ ಗಡಿಯಾರದ ಒಂದು ಸೆಕೆಂಡ್ ಎಂದಿಟ್ಟುಕೊಂಡರೆ ಸಾಕು. ಸುಖಾಸನದಲ್ಲೋ ಕುರ್ಚಿಯಲ್ಲೋ ಬೆನ್ನು ನೇರವಾಗಿಸಿ ಕುಳಿತು, ಮೊದಲು 3 ಎಣಿಕೆಗೆ ಉಸಿರನ್ನು ಮೂಗಿನಿಂದ ತೆಗೆದುಕೊಂಡು 4 ಎಣಿಕೆಗೆ ಬಿಡಿ. ಅದು ಸಲೀಸಾದ ಮೇಲೆ 4ಕ್ಕೆ ಎಳೆದು 6ಕ್ಕೆ ಬಿಡಿ. ಆಗ ಒಂದು ಉಸಿರಿಗೆ 10 ಸೆಕೆಂಡ್, ನಿಮಿಷಕ್ಕೆ 6 ಉಸಿರು. ವಿಶ್ರಾಂತಿಯಲ್ಲಿರುವ ವಯಸ್ಕರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾರೆ ಎಂಬುದನ್ನು ನೆನೆದರೆ ಇದು ಎಷ್ಟು ನಿಧಾನವೆಂದು ತಿಳಿಯುತ್ತದೆ. ಆದ್ದರಿಂದಲೇ ಅವಸರ ಮಾಡಬಾರದು. ರೇಚಕ ಮುಗಿದೊಡನೆ ಗಾಳಿಯನ್ನು ಗಬಕ್ಕನೆ ಎಳೆದುಕೊಳ್ಳಬೇಕೆನಿಸಿದರೆ ನಿಮ್ಮ ಎಣಿಕೆ ಶಕ್ತಿಗೆ ಮೀರಿದೆ ಎಂದರ್ಥ. ಒಂದು ಮಾತ್ರೆ ಇಳಿಸಿಕೊಳ್ಳಿ. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲನೆ ಪಳಗಿಸುತ್ತಾರೋ ಹಾಗೆಯೇ ವಾಯುವನ್ನೂ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನಿಗೇ ಕೇಡು ಮಾಡುತ್ತದೆ ಎಂದು ಹಠಯೋಗ ಪ್ರದೀಪಿಕೆ ಎಚ್ಚರಿಸುತ್ತದೆ. ದುಬಾರೆಯ ಶಿಬಿರದಲ್ಲಿ ಆನೆಯೊಂದಿಗೆ ಮಾವುತರು ವರ್ತಿಸುವ ರೀತಿಯನ್ನು ನೋಡಿದವರಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಇಷ್ಟು ಕೈಗೂಡಿದ ಮೇಲೆ ನಾಡಿಶುದ್ಧಿ, ಅಂದರೆ ಹೊಳ್ಳೆ ಬದಲಿಸುತ್ತ ಉಸಿರಾಡುವುದು. ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಅಂಗೈಗೆ ಮಡಚಿ. ಹೆಬ್ಬೆರಳು ಬಲ ಹೊಳ್ಳೆಗೆ, ಉಂಗುರಬೆರಳು ಮತ್ತು ಕಿರುಬೆರಳು ಎಡ ಹೊಳ್ಳೆಗೆ. ಮೂಗಿನ ಮೂಳೆ ಮುಗಿದು ಮೆತ್ತಗಾಗುವ ಜಾಗದಲ್ಲಿ ಹೂವಿನ ಎಸಳನ್ನು ಹಿಡಿದಷ್ಟೇ ಹಗುರವಾಗಿ ಒತ್ತಿದರೆ ಸಾಕು. ಮೂಗು ಒಂದು ಕಡೆಗೆ ವಾಲುವಂತೆ ಅದುಮಿ, ಕತ್ತನ್ನು ಬಗ್ಗಿಸಿ, ಮೊಣಕೈಯನ್ನು ಮೇಲೆತ್ತಿ ಕೂರುವುದರಿಂದ ಭುಜ ನೋಯುತ್ತದೆಯೇ ಹೊರತು ಮನಸ್ಸು ತಿಳಿಯಾಗುವುದಿಲ್ಲ. ಮೊದಲು ಎರಡೂ ಹೊಳ್ಳೆಗಳಿಂದ ಉಸಿರನ್ನು ಪೂರ್ತಿ ಬಿಡಿ. ಬಲ ಹೊಳ್ಳೆಯನ್ನು ಮುಚ್ಚಿ ಎಡದಿಂದ ಎಳೆದುಕೊಳ್ಳಿ, ಎಡವನ್ನು ಮುಚ್ಚಿ ಬಲದಿಂದ ಬಿಡಿ. ಮತ್ತೆ ಬಲದಿಂದಲೇ ಎಳೆದು ಎಡದಿಂದ ಬಿಡಿ. ಇದು ಒಂದು ಆವೃತ್ತಿ. ಒಂಬತ್ತು ಆವೃತ್ತಿಗಳಿಂದ ಆರಂಭಿಸಬಹುದು. ನಡುವೆ ಕುಂಭಕ ಬೇಡ. ಉಸಿರು ಸದ್ದಿಲ್ಲದೆ ಹರಿಯಬೇಕು, ಪಕ್ಕದಲ್ಲಿ ಕುಳಿತವರಿಗೂ ಕೇಳಬಾರದು. ಒಂದು ಹೊಳ್ಳೆ ಕೊಂಚ ಬಿಗಿಯಾಗಿದ್ದರೆ ಗಾಬರಿಪಡಬೇಡಿ; ಮೂಗಿನೊಳಗಿನ ಹರಿವು ಕೆಲವು ಗಂಟೆಗಳಿಗೊಮ್ಮೆ ಒಂದು ಪಕ್ಕದಿಂದ ಇನ್ನೊಂದಕ್ಕೆ ಬದಲಾಗುವುದು ಸಹಜ. ನೆಗಡಿಯಿಂದ ಎರಡೂ ಕಟ್ಟಿಕೊಂಡಿದ್ದರೆ ಆ ದಿನ ಬಿಟ್ಟುಬಿಡಿ.

ಎರಡು ಕಣ್ಣುಗಳ ನಡುವೆ ಒಂದೇ ಯೋಚನೆ ಗಿರಕಿ ಹೊಡೆಯುತ್ತಿರುವ ದಿನಗಳಲ್ಲಿ ನಾನು ನಾಡಿಶುದ್ಧಿಗಿಂತ ಭ್ರಾಮರಿ ಎಂಬ ಪ್ರಾಣಾಯಾಮವನ್ನೇ ಹೆಚ್ಚು ನೆಚ್ಚುತ್ತೇನೆ, ಏಕೆಂದರೆ ಎಣಿಸುವ ತ್ರಾಣವೂ ಇಲ್ಲದ ಮನಸ್ಸಿಗೆ ಅದು ಹಿಡಿದುಕೊಳ್ಳಲು ಒಂದು ನಾದವನ್ನು ಕೊಡುತ್ತದೆ. ಕಿವಿಯ ರಂಧ್ರದ ಮುಂದಿರುವ ಪುಟ್ಟ ಮೆದುಮೂಳೆಯನ್ನು ಬೆರಳಿನಿಂದ ಒತ್ತಿ ಕಿವಿ ಮುಚ್ಚಿಕೊಳ್ಳಿ. ಬೆರಳನ್ನು ಒಳಗೆ ತೂರಿಸಬೇಡಿ. ತುಟಿಗಳು ಮುಚ್ಚಿರಲಿ, ಹಲ್ಲುಗಳು ಒಂದಕ್ಕೊಂದು ತಾಗದಿರಲಿ. ಮೂಗಿನಿಂದ ಉಸಿರೆಳೆದು, ಬಿಡುವಾಗ ಗಂಟಲಿನಿಂದ ‘ಮ್‌ಮ್‌ಮ್’ ಎಂಬ ದುಂಬಿಯ ಝೇಂಕಾರವನ್ನು ತಗ್ಗಿದ ಶ್ರುತಿಯಲ್ಲಿ ಹೊರಡಿಸಿ. ತಂಬೂರಿಯ ಮಂದ್ರದ ತಂತಿಯಂತೆ ಅದು ಮೊದಲು ತುಟಿಯಲ್ಲಿ, ಆಮೇಲೆ ಕೆನ್ನೆಯ ಮೂಳೆಯಲ್ಲಿ, ಕೊನೆಗೆ ನೆತ್ತಿಯಲ್ಲಿ ಕಂಪಿಸುವುದು ಗೊತ್ತಾಗುತ್ತದೆ. ನಾದ ಹೊರಡಿಸುವಾಗ ರೇಚಕವು ತಾನಾಗಿಯೇ ಉದ್ದವಾಗುವುದರಿಂದ ಲೆಕ್ಕ ಬೇಕಿಲ್ಲ. ಹೀಗೆ ಗುಂಯ್‌ಗುಡುವಾಗ ಮೂಗಿನಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಪ್ರಮಾಣ ಹಲವು ಪಟ್ಟು ಏರುವುದನ್ನು ಸಂಶೋಧಕರು ಅಳೆದಿದ್ದಾರೆ. ಐದರಿಂದ ಏಳು ಸಲ ಮಾಡಿ ಕೈಯಿಳಿಸಿ, ಕಣ್ಣು ಮುಚ್ಚಿಕೊಂಡೇ ಎರಡು ನಿಮಿಷ ಕೂರಿ. ನಾದ ನಿಂತ ಮೇಲಿನ ಆ ಮೌನವನ್ನು ಅವಸರದಲ್ಲಿ ಕಳೆದುಕೊಳ್ಳಬಾರದು. ಮೊಬೈಲು ಬೇರೆ ಕೋಣೆಯಲ್ಲಿರಲಿ.

ಬೇಸಿಗೆಯಲ್ಲಿ ನಾಲಿಗೆಯನ್ನು ಕೊಳವೆಯಂತೆ ಸುರುಳಿ ಮಾಡಿ ಉಸಿರೆಳೆಯುವ ಶೀತಲಿಯೂ ಹಿತವೇ. ದೂಳಿರುವ ಕಡೆ ಮಾತ್ರ ಬೇಡ, ಬಾಯಿಂದ ಬರುವ ಗಾಳಿಗೆ ಮೂಗಿನ ಸೋಸುವಿಕೆ ಸಿಗುವುದಿಲ್ಲ.

ಉಸಿರನ್ನು ರಭಸದಿಂದ ಹೊರದೂಡುವ ಕಪಾಲಭಾತಿ, ತಿದಿಯೊತ್ತಿದಂತೆ ವೇಗವಾಗಿ ಉಸಿರಾಡುವ ಭಸ್ತ್ರಿಕಾಗಳ ವಿಷಯದಲ್ಲಿ ಸ್ವಲ್ಪ ಖಚಿತವಾಗಿಯೇ ಹೇಳಬೇಕಾಗಿದೆ. ಟಿವಿಯಲ್ಲಿ ನೋಡಿ ಅವನ್ನೇ ಮೊದಲು ಶುರುಮಾಡುವವರು ಬಹಳ. ಆದರೆ ಕಪಾಲಭಾತಿಯನ್ನು ಹಠಯೋಗವು ಷಟ್ಕರ್ಮಗಳಲ್ಲಿ, ಅಂದರೆ ಶುದ್ಧಿಕ್ರಿಯೆಗಳಲ್ಲಿ ಸೇರಿಸುತ್ತದೆ. ಅದು ಎಚ್ಚರಿಸುವ ಕ್ರಿಯೆ, ತಣಿಸುವುದಲ್ಲ. ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕುಗ್ಗುವುದರಿಂದ ತಲೆ ತಿರುಗಬಹುದು, ಬೆರಳುಗಳು ಜುಮ್ಮೆನ್ನಬಹುದು. ಈಗಾಗಲೇ ಎದೆ ಢವಗುಟ್ಟುತ್ತಿರುವವರಿಗೆ ಇದು ಬೆಂಕಿಗೆ ತುಪ್ಪ ಸುರಿದಂತೆ. ಗರ್ಭಿಣಿಯರು, ಅಧಿಕ ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ ಇರುವವರು ಈ ವೇಗದ ಕ್ರಿಯೆಗಳನ್ನೂ ಕುಂಭಕವನ್ನೂ ದೂರವಿಡಬೇಕು. ಉಳಿದ ಅಭ್ಯಾಸಕ್ಕೂ ವೈದ್ಯರನ್ನು ಕೇಳುವುದು ಒಳ್ಳೆಯದು. ಕೆಲವರಿಗೆ ಉಸಿರನ್ನು ಗಮನಿಸುವುದೇ ಆತಂಕ ತರುತ್ತದೆ. ಅಂಥವರು ಕಣ್ಣು ತೆರೆದು, ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುತ್ತ ಕುಳಿತರೆ ಸಾಕು, ಒತ್ತಾಯ ಬೇಡ. ನಿದ್ದೆ, ಹಸಿವು ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಪ್ರಾಣಾಯಾಮವೊಂದನ್ನೇ ನಂಬಿ ಕೂರಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ದಿನದ ಅಭ್ಯಾಸಕ್ಕೆ ಬೆಳಗಿನ ಖಾಲಿಹೊಟ್ಟೆಯ ಹದಿನೈದು ನಿಮಿಷ ಪ್ರಶಸ್ತ. ಆದರೆ ಒತ್ತಡ ಬರುವುದು ಹಗಲಿನಲ್ಲಿ. ಮೇಲಧಿಕಾರಿಯ ಕೋಣೆಗೆ ಹೋಗುವ ಮುನ್ನ, ಆಸ್ಪತ್ರೆಯ ಬೆಂಚಿನ ಮೇಲೆ ಹೆಸರು ಕರೆಯುವುದನ್ನು ಕಾಯುವಾಗ, ಮಕ್ಕಳ ಮೇಲೆ ದನಿ ಏರುತ್ತಿದೆ ಎಂದು ತಿಳಿದಾಗ, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು ಮೂರು ಉದ್ದನೆಯ ರೇಚಕ ಮಾಡಿ. ಅಕ್ಕಿಯ ಗಂಟಿನೊಡನೆ ಅಭ್ಯಾಸ ಮಾಡಿದ ಹೊಟ್ಟೆಗೆ ಆ ಕೈಯ ಭಾರವೇ ನೆನಪು ತರುತ್ತದೆ. ರಾತ್ರಿ ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಮಲಗಿದಂತೆಯೇ, ಹೊರಹೋಗುವ ಉಸಿರುಗಳನ್ನು ಮಾತ್ರ 27ರಿಂದ ಹಿಂದಕ್ಕೆ ಎಣಿಸಿ. ಎಣಿಕೆ ತಪ್ಪಿದರೆ ಬೇಸರವಿಲ್ಲದೆ ಮತ್ತೆ 27ರಿಂದ ಆರಂಭಿಸಿ. ಒಂದನ್ನು ಮುಟ್ಟಲೇಬೇಕೆಂಬ ಹಟ ಬೇಡ, ನಡುವೆಯೇ ಕಣ್ಣು ಹತ್ತಿದರೆ ಹತ್ತಲಿ.