ಬಚ್ಚಲ ಒಲೆ ಮುಂದೆ 800 ಪುಟ

ನಮ್ಮ ಮನೆ ತೀರ್ಥಹಳ್ಳಿ ಕಡೆ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಅಂತ ಹೇಳೋರಿಲ್ಲ. ಅಂಥ ಮಳೆಗಾಲದಲ್ಲೇ ನಾನು ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ 'ಎ ಗೇಮ್ ಆಫ್ ಥ್ರೋನ್ಸ್' ಓದಿ ಮುಗಿಸಿದ್ದು. 1996ರ ಇಂಗ್ಲಿಷ್ ಕಾದಂಬರಿ, ಹತ್ತಿರ ಹತ್ತಿರ 800 ಪುಟ. ಕೊಲೆ, ಮೋಸ, ಸತ್ತವರು ಎದ್ದು ಬರೋದು, ಎಲ್ಲ ಉಂಟು.

ಅದಕ್ಕೂ ಮುಂಚೆ ಎರಡು ಸಲ ಶುರು ಮಾಡಿ ನೂರು ಪುಟಕ್ಕೇ ಬಿಟ್ಟಿದ್ದೆ. ತೊಂದರೆ ಇಂಗ್ಲಿಷಿನದ್ದಲ್ಲ, ಹೆಸರುಗಳದ್ದು. ಭಾನುವಾರ ಒಂದಿಷ್ಟು ಓದಿ ಮುಂದಿನ ಭಾನುವಾರ ತೆಗೆದರೆ ಯಾರು ಯಾರ ಮಗ ಅಂತಲೇ ಗೊತ್ತಾಗ್ತಿರಲಿಲ್ಲ. 'ಮಲೆಗಳಲ್ಲಿ ಮದುಮಗಳು' ಓದುವಾಗಲೂ ಜನ ಕಮ್ಮಿ ಇರಲಿಲ್ಲ. ಆದರೆ ಗುತ್ತಿ, ಐತ, ಪೀಂಚಲು ನಮ್ಮ ಕಡೆಯವರು, ಮರೆಯೋದು ಹೇಗೆ? ಇಲ್ಲಿ ಪುಸ್ತಕದ ಕೊನೆಗೆ ಮನೆತನಗಳ ಪಟ್ಟಿ ಕೊಟ್ಟಿದ್ದಾರೆ, ನಿಜ. ಪದೇ ಪದೇ ಅಲ್ಲಿಗೆ ಹೋಗಿ ಬರೋಷ್ಟರಲ್ಲಿ ಕಥೆಯ ಬಿಸಿಯೇ ಆರಿರುತ್ತೆ.

ಮೂರನೇ ಸಲ ಒಂದು ವಿಷಯ ಗಮನಿಸಿದೆ. ಪೀಠಿಕೆ ಸೇರಿ 73 ಅಧ್ಯಾಯ, ಹೆಚ್ಚಿನವು ಸಣ್ಣವು. ಪೀಠಿಕೆ ಬಿಟ್ಟರೆ ಪ್ರತಿಯೊಂದರ ತಲೆ ಮೇಲೂ ಒಬ್ಬರ ಹೆಸರು, ಅವರ ಕಣ್ಣಿಂದಲೇ ಆ ಭಾಗದ ಕಥೆ. ಸರಿ, ದಿನಕ್ಕೆ ಒಂದೇ ಅಂತ ಇಟ್ಟುಕೊಂಡೆ. ಜಾಗ ಬಚ್ಚಲ ಒಲೆ ಮುಂದೆ. ಸಂಜೆ ಹಂಡೆ ನೀರು ಕಾಯಿಸೋಕೆ ಹೇಗೂ ಅಲ್ಲಿ ಕೂರಲೇಬೇಕು. ಸೌದೆ ಹಸಿ, ಊದದೆ ಹತ್ತೋದಿಲ್ಲ. ಮುಂಚೆ ಆ ಅರ್ಧ ಗಂಟೆ ಸುಮ್ನೆ ಮೊಬೈಲ್ ನೋಡ್ತಿದ್ದೆ.

ಪುಸ್ತಕಕ್ಕೂ ಅದೇ ಒಳ್ಳೆ ಜಾಗ ಆಯಿತು. ಕಪಾಟಿನಲ್ಲಿದ್ದ ಬೇರೆ ಪುಸ್ತಕಗಳಿಗೆಲ್ಲ ಬೂಷ್ಟು ಹಿಡಿಯಿತು, ಇದಕ್ಕೆ ಹಿಡಿಯಲಿಲ್ಲ. ಹೊಗೆ ವಾಸನೆ ಮಾತ್ರ ಇವತ್ತಿಗೂ ಹೋಗಿಲ್ಲ. ಪುಸ್ತಕದ ಶುರುವಿನಲ್ಲಿರೋ ನಕ್ಷೆ ಮೇಲೆ ಮಸಿ ಬೆರಳಿನ ಗುರುತು ಬೇರೆ.

ಆದರೆ ಪುಸ್ತಕ ಮುಗಿಸಿದ್ದು ಒಲೆಯಿಂದಲ್ಲ, ನಮ್ಮ ಅತ್ತೆಯಿಂದ. ಅವರು ಬೆಂಕಿ ಕಾಯಿಸಿಕೊಳ್ಳೋಕೆ ಬಂದು ಪಕ್ಕದಲ್ಲೇ ಹಲಸಿನ ಬೀಜದ ಸಿಪ್ಪೆ ಬಿಡಿಸ್ತಾ ಕೂರೋರು. "ಎಂಥ ಓದ್ತಿ ಮಾರಾಯ್ತಿ, ಒಬ್ಬಳೇ?" ಅಂದರು. ಹೇಳೋಕೆ ಶುರು ಮಾಡಿದೆ. ಅಲ್ಲಿ ಒಂಬತ್ತನೇ ವರ್ಷದ ಬೇಸಿಗೆ ನಡೀತಿದೆ ಅಂದ ತಕ್ಷಣ ಕೈಯಲ್ಲಿದ್ದ ಬೀಜ ಕೆಳಗಿಟ್ಟರು. "ಒಂಬತ್ತು ವರ್ಷವಾ? ತೋಟಕ್ಕೆ ನೀರು?"

ಆಮೇಲೆ ದಿನಾ ಓದಿದ್ದನ್ನು ಅವರಿಗೆ ಹೇಳಲೇಬೇಕಾಯಿತು. ಹೇಳಬೇಕು ಅಂತ ಗೊತ್ತಿದ್ದರೆ ಓದೋ ರೀತಿಯೇ ಬೇರೆ, ಅಲ್ವಾ? ಹೆಸರು ಅವರ ಬಾಯಿಗೆ ಬರ್ತಿರಲಿಲ್ಲ, ತಾವೇ ಇಟ್ಟರು. ನೆಡ್ ಸ್ಟಾರ್ಕ್ 'ಯಜಮಾನ'. ಟಿರಿಯನ್ 'ಕುಳ್ಳ'. ಜೇಮಿ 'ಬಂಗಾರದ ಕೂದಲವ'. ಎರಡನೇ ವಾರ ಆ ಬಂಗಾರದ ಕೂದಲವ ಏಳು ವರ್ಷದ ಹುಡುಗನನ್ನ ಕಿಟಕಿಯಿಂದ ತಳ್ಳಿದಾಗ ಇಡೀ ಸಂಜೆ ಶಾಪ ಹಾಕಿದರು. ನನಗೂ ಆ ಹೆಸರುಗಳೇ ಗಟ್ಟಿಯಾದವು. ಕೊನೆಯ ಪಟ್ಟಿ ಮತ್ತೆ ತೆಗೆಯಲೇ ಇಲ್ಲ.

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯೋ ದಿನಗಳಲ್ಲಿ ಆಳುಗಳಿಗೆ ಅಡುಗೆ, ಓದು ತಪ್ಪಿತು. ಮಾರನೇ ದಿನ ಎರಡು ಓದಿದೆ.

ಆರಿದ್ರೆ ಮಳೆಗೆ, ಅಂದರೆ ಜೂನ್ ಕೊನೆಗೆ, ಶುರು ಮಾಡಿದ್ದು. ಆಗಸ್ಟ್ ಕೊನೆಗೆ ಮಖೆ ಮಳೆ ಮುಗಿಯೋ ಹೊತ್ತಿಗೆ ಯಜಮಾನನ ತಲೆ ಹೋಯಿತು. (ಓದದವರು ಕ್ಷಮಿಸಿ.) ಹೇಳೋದೋ ಬೇಡವೋ ಅಂತ ಅನುಮಾನಿಸಿ ಹೇಳಿಯೇಬಿಟ್ಟೆ. ಅತ್ತೆ ಏನೂ ಮಾತಾಡದೆ ಎದ್ದು ಹೋದರು. ಎರಡು ದಿನ ಒಲೆ ಹತ್ತಿರ ಬರಲಿಲ್ಲ. ಮೂರನೇ ದಿನ ಬಂದು, "ಆ ಸಣ್ಣ ಮಗಳು ಎಂಥ ಮಾಡಿತು?" ಅಂದರು.

ಹುಬ್ಬೆ ಮಳೆಗೆ ಪುಸ್ತಕ ಮುಗಿಯಿತು. ಎರಡನೆಯದು 1998ರದ್ದು, ಇದಕ್ಕಿಂತ ದಪ್ಪ ಅಂತ ಅತ್ತೆಗೆ ಹೇಳಿದೆ.

"ಇರಲಿ, ತರಿಸು. ಸೌದೆ ಉಂಟಲ್ಲ," ಅಂದರು.